ಹಡಗು ತೋರಿಸುವ ಮುನ್ನ ಬಾಗಿಲಿನ ಅಳತೆ ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಬಂದ ಹಡಗು ಪ್ರವಾಸದ ಲೇಖನವನ್ನು ಓದಿದೆ. ಚಿತ್ರಗಳು ಚೆನ್ನಾಗಿದ್ದವು, ಬರವಣಿಗೆಯೂ ಲವಲವಿಕೆಯಿಂದಿತ್ತು. ಆದರೆ ಮಂಡಿನೋವಿನ ಹಿರಿಯರಿಗೆ ಹಡಗಿನಷ್ಟು ಹಿತವಾದ ಪ್ರವಾಸ ಬೇರೊಂದಿಲ್ಲ, ಅಲ್ಲಿ ನಡೆಯುವ ಪ್ರಮೇಯವೇ ಬರುವುದಿಲ್ಲ ಎಂಬ ಮಾತಿಗೆ ಉತ್ತರ ಬರೆಯದೆ ಇರಲಾರೆ.

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು, ತೀರ್ಥಹಳ್ಳಿಯವಳು. ಎರಡೂ ಮಂಡಿಗಳು ಸವೆದಿವೆ, ಸೊಂಟದ ನರ ಬೇರೆ ಹಿಡಿಯುತ್ತದೆ. ನಮ್ಮ ರಸ್ತೆಯಲ್ಲಿ ಮೂರು ಲೈಟುಕಂಬ ದಾಟುವುದು ಕಷ್ಟವಿಲ್ಲ. ನಾಲ್ಕನೆಯದರ ಹೊತ್ತಿಗೆ ಯಾರದಾದರೂ ಮನೆಯ ಜಗಲಿ ಹುಡುಕುತ್ತೇನೆ. ಈ ಕಾಲುಗಳನ್ನು ಇಟ್ಟುಕೊಂಡೇ ಮಗ, ಸೊಸೆಯ ಜೊತೆ ಮುಂಬೈಯಿಂದ ಲಕ್ಷದ್ವೀಪದ ಕಡೆಗೆ ಹಡಗಿನಲ್ಲಿ ಹೋಗಿ ಬಂದಿದ್ದೇನೆ. ಸುಖವಾಗಿಯೇ ಬಂದೆ. ಹೋಗಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ಯಾವ ಕೋಲು, ಯಾವ ಕುರ್ಚಿ ಒಯ್ಯಬೇಕು ಎಂಬುದನ್ನು ದಾರಿಯ ಅಳತೆ ತಿಳಿದುಕೊಂಡು ನಿರ್ಧರಿಸಿ ಎನ್ನುತ್ತೇನೆ. ಆ ಅಳತೆಯನ್ನೇ ನಮ್ಮ ಪ್ರವಾಸದ ಏಜೆಂಟರು ಹೇಳುವುದಿಲ್ಲ ಎಂಬುದು ನನ್ನ ತಕರಾರು.

ಮೊದಲು ನಡಿಗೆಯ ಲೆಕ್ಕ. ಮಧ್ಯಮ ಗಾತ್ರದ ಪ್ರವಾಸಿ ಹಡಗೇ ಸುಮಾರು 200 ಮೀಟರ್ ಉದ್ದವಿರುತ್ತದೆ. ನಿಮಗೆ ಕೊಟ್ಟ ಕೋಣೆ ಮೂತಿಯ ಕಡೆಗಿದ್ದು ಊಟದ ಸಭಾಂಗಣ ಬಾಲದ ಕಡೆಗಿದ್ದರೆ, ಮೂರು ಹೊತ್ತು ಹೋಗಿ ಬರುವುದರಲ್ಲೇ ಒಂದು ಕಿಲೋಮೀಟರಿಗೆ ಮಿಕ್ಕುತ್ತದೆ. ಇದು ಹಡಗು ಹತ್ತಿದ ಮೇಲಿನ ಮಾತು. ಹತ್ತುವ ಮುಂಚೆ ಬಂದರಿನ ಗೇಟಿನಿಂದ ಟರ್ಮಿನಲ್, ಸಾಮಾನು ತಪಾಸಣೆ, ಗುರುತಿನ ಚೀಟಿಯ ಸಾಲು. ನನ್ನಂಥವರಿಗೆ ನಡೆಯುವುದಕ್ಕಿಂತ ನಿಲ್ಲುವುದೇ ದೊಡ್ಡ ಶಿಕ್ಷೆ. ಆ ಸಾಲುಗಳಲ್ಲಿ ಕೂರಲು ಒಂದು ಬೆಂಚೂ ಇರುವುದಿಲ್ಲ ಎಂದುಕೊಂಡೇ ಹೊರಡುವುದು ಜಾಣತನ.

ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ಪ್ರವಾಸದ ಏಜೆಂಟರು ಬಣ್ಣಬಣ್ಣದ ಕರಪತ್ರ ಹಿಡಿದು ಬರುತ್ತಾರೆ. ಮೊದಲೆಲ್ಲ ಕಾಶಿ, ರಾಮೇಶ್ವರ ಇತ್ತು. ಈಗ ಸಿಂಗಪುರ, ದುಬೈ, ಹಡಗು. ನಮ್ಮಲ್ಲಿಗೆ ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಕೋಣೆಯ ಬಾಗಿಲು ಎಷ್ಟು ಇಂಚು ಅಗಲವಿದೆ ಎಂದು ಕೇಳಿದೆ. ಆ ಹುಡುಗ ನಕ್ಕುಬಿಟ್ಟ. "ಅಮ್ಮಾ, ನೀವು ಹಡಗಿನಲ್ಲಿ ಹೋಗುತ್ತೀರೋ, ಹಡಗನ್ನೇ ಕೊಳ್ಳುತ್ತೀರೋ?" ಎಂದ. ಮಾತು ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಮುಂಗಡ ಕೊಡಲಿಲ್ಲ. ಹಡಗಿನ ಕಚೇರಿಗೆ ಬರೆದು ಉತ್ತರವನ್ನು ತರಿಸಿಕೊಡು, ಚೆಕ್ಕು ಆಮೇಲೆ ಎಂದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೌಂಟರಿನಲ್ಲಿ ಕೂತು ರಸೀದಿ ಬರೆದವಳಿಗೆ ಬಾಯಿಮಾತಿನಲ್ಲಿ ನಂಬಿಕೆ ಕಡಿಮೆ.

ಬಾಗಿಲಿನ ವಿಚಾರ ಯಾಕೆ ಎನ್ನುತ್ತೀರಾದರೆ, ಹಡಗಿನ ಸಾಮಾನ್ಯ ಕೋಣೆಯ ಬಾಗಿಲು ಸಾಮಾನ್ಯವಾಗಿ 22ರಿಂದ 24 ಇಂಚು. ಅಂಗಡಿಯಲ್ಲಿ ಗಾಲಿಕುರ್ಚಿ ಕೇಳಿದರೆ "18 ಇಂಚಿನದು ಇದೆ" ಎನ್ನುತ್ತಾರೆ. ಅದು ಕೂರುವ ಜಾಗದ ಅಗಲ. ಎರಡು ದೊಡ್ಡ ಚಕ್ರ, ಅವುಗಳ ಹೊರಗೆ ಕೈಯಿಂದ ತಿರುಗಿಸುವ ಬಳೆ, ಇವೆಲ್ಲ ಸೇರಿದರೆ ಅದೇ ಕುರ್ಚಿ 25, 26 ಇಂಚಿಗೆ ಹೋಗುತ್ತದೆ. ಟೇಪನ್ನು ಹಿಡಿಯಬೇಕಾದದ್ದು ಒಂದು ಬಳೆಯ ಹೊರಅಂಚಿನಿಂದ ಇನ್ನೊಂದು ಬಳೆಯ ಹೊರಅಂಚಿಗೆ. ಮನೆಯಲ್ಲಿ ನನ್ನ ಮಗ ಎರಡು ಸಲ ಅಳೆದು, ನಂತರ ನಮ್ಮ ಬಚ್ಚಲಿನ ಬಾಗಿಲಿಗೆ ನೂಕಿ ನೋಡಿದ. ಬಳೆಗಳೆರಡೂ ದಾರಂದಕ್ಕೆ ತಾಗಿ ನಿಂತವು. ಮುಂಬೈಯಲ್ಲಿ ಆಗಬೇಕಾದ ರಂಪ ಮನೆಯಲ್ಲೇ ಆಗಿ ಮುಗಿಯಿತು.

ಗಾಲಿಕುರ್ಚಿಗೆಂದೇ ಮಾಡಿದ ಕೋಣೆಗಳು ಹಡಗಿನಲ್ಲಿ ಇರುತ್ತವೆ. ಅವುಗಳ ಬಾಗಿಲು ಸುಮಾರು 32 ಇಂಚು, ಬಚ್ಚಲಿಗೆ ಹೊಸ್ತಿಲಿಲ್ಲ, ಸ್ನಾನಕ್ಕೆ ಗೋಡೆಗೆ ಮಡಚುವ ಆಸನ, ಹಿಡಿದುಕೊಳ್ಳಲು ಕಂಬಿ. ಆದರೆ ಅಂಥವು ಕೆಲವೇ ಕೆಲವು. ನಾವು ಕೇಳುವ ಹೊತ್ತಿಗೆ ಮುಗಿದಿದ್ದವು. ಒಂದು ಹೆಜ್ಜೆಯನ್ನೂ ಇಡಲಾಗದವರು ಆ ಕೋಣೆ ಸಿಗದಿದ್ದರೆ ಹೊರಡಲೇಬಾರದು, ಮುಂದಿನ ಹಡಗಿಗೆ ಕಾಯಬೇಕು. ನನ್ನಂತೆ ನಾಲ್ಕು ಹೆಜ್ಜೆ ಇಡಬಲ್ಲವರಿಗೆ ಬೇರೆ ದಾರಿ ಇದೆ. 16 ಇಂಚಿನ ಆಸನದ, ಹಗುರವಾದ ಅಲ್ಯೂಮಿನಿಯಂ ಮಡಚುಕುರ್ಚಿ ತೆಗೆದುಕೊಂಡೆವು. ಕೋಣೆಯ ಬಾಗಿಲಿಗೆ ಬಂದಾಗ ನಾನು ಎದ್ದು ಊರುಗೋಲು ಹಿಡಿದು ಒಳಗೆ ಹೋಗುವುದು, ಸೊಸೆ ಕುರ್ಚಿಯನ್ನು ಮಡಚಿ ಒಳಗೆ ತಂದು ಗೋಡೆಗೆ ಒರಗಿಸುವುದು. ಸಾಮಾನ್ಯ ಕೋಣೆಯ ಬಚ್ಚಲಿಗೆ ಎತ್ತರದ ಹೊಸ್ತಿಲಿರುತ್ತದೆ. ಹಡಗು ವಾಲಿದಾಗ ನೀರು ಆಚೆ ಬರದಿರಲೆಂದು ಅದು ಇರುವುದು. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ಹೋಗುವವರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಗೋಡೆಗೆ ಒತ್ತಿ ಅಂಟಿಸುವ ರಬ್ಬರ್ ಹಿಡಿಕೆಗಳನ್ನು ಕೆಲವರು ಒಯ್ಯುತ್ತಾರೆ. ಮೈಭಾರ ಬಿದ್ದರೆ ಅವು ಕಿತ್ತು ಬರುತ್ತವೆ. ನಂಬಬೇಡಿ.

"ಅಮ್ಮಾ, ಇದೆಲ್ಲ ಯಾಕೆ, ಹಡಗಿನಲ್ಲೇ ವೀಲ್‌ಚೇರ್ ಕೊಡುತ್ತಾರಂತೆ" ಎಂದು ಮಗನೂ ಮೊದಲು ಹೇಳಿದ್ದ. ಕೊಡುತ್ತಾರೆ, ನಿಜ. ಹತ್ತಿಸುವಾಗ, ಇಳಿಸುವಾಗ, ಆಪತ್ತು ಬಂದಾಗ. ಬೆಳಗಿನಿಂದ ರಾತ್ರಿಯವರೆಗೆ ನಿಮ್ಮದೇ ಎಂದು ಬಿಟ್ಟುಕೊಡುವುದು ಬಹಳ ಕಡೆ ಇಲ್ಲ. ಇದನ್ನೂ ಬರಹದಲ್ಲಿ ಕೇಳಿಕೊಳ್ಳಬೇಕು.

ಇನ್ನು ಬ್ಯಾಟರಿ ಸ್ಕೂಟರ್. ನಿಮ್ಮ ಲೇಖನದಲ್ಲಿ ಅದರದೊಂದು ದೊಡ್ಡ ಚಿತ್ರವೇ ಇತ್ತು. ಶಿವಮೊಗ್ಗದ ಅಂಗಡಿಯೊಂದರಲ್ಲಿ ನನಗೂ ಅದನ್ನೇ ಹೊರಿಸಲು ನೋಡಿದರು. ಹತ್ತು ಹೆಜ್ಜೆ ಇಡಲಾಗದ, ಆದರೆ ಕಣ್ಣು ಕೈ ಗಟ್ಟಿಯಾಗಿರುವ, ನೂಕಲು ಜೊತೆಗಾರರಿಲ್ಲದವರಿಗೆ ಅದು ದೊಡ್ಡ ಸ್ವಾತಂತ್ರ್ಯ. ಅದರ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಆದರೆ ಹಡಗಿನ ಓಣಿಯಲ್ಲಿ ಅದನ್ನು ನಿಲ್ಲಿಸುವಂತಿಲ್ಲ. ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು. ಹಾಗಾಗಿ ರಾತ್ರಿ ಕೋಣೆಯೊಳಗೇ ಇಡಬೇಕು, ಅಲ್ಲೇ ಚಾರ್ಜ್ ಮಾಡಬೇಕು; ಮನೆಯಿಂದ ತಂದ ಎಕ್ಸ್‌ಟೆನ್ಷನ್ ವೈರನ್ನು ಅನೇಕ ಹಡಗುಗಳು ತಪಾಸಣೆಯಲ್ಲೇ ತೆಗೆದಿರಿಸಿಕೊಳ್ಳುತ್ತವೆ. ಬಾಗಿಲೇ 23 ಇಂಚಿದ್ದಾಗ ಆ ಸ್ಕೂಟರ್ ಒಳಗೆ ಬಂದರೂ ತಿರುಗಲು ಜಾಗವೆಲ್ಲಿ?

ನಮ್ಮಂಥ ಒಳನಾಡಿನವರು ಬಂದರು ಮುಟ್ಟಬೇಕಾದರೆ ಮೊದಲು ರೈಲು, ಆಮೇಲೆ ವಿಮಾನ. ಅಲ್ಲಿ ಬ್ಯಾಟರಿಯ ಇನ್ನೊಂದು ಪರೀಕ್ಷೆ. ಬಿಚ್ಚಿ ತೆಗೆಯಬಹುದಾದ ಲಿಥಿಯಂ ಬ್ಯಾಟರಿಯಾದರೆ ವಿಮಾನದಲ್ಲಿ 300 ವಾಟ್-ಅವರ್ ಮಿತಿ, ಅದನ್ನು ಬಿಚ್ಚಿ ಕೈಚೀಲದಲ್ಲೇ ಒಯ್ಯಬೇಕು. ಲೆಕ್ಕ ಸುಲಭ: ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿ. 24 ವೋಲ್ಟ್, 10 ಆಂಪಿಯರ್-ಅವರ್ ಆದರೆ 240, ಒಯ್ಯಬಹುದು. 24 ವೋಲ್ಟ್, 20 ಆದರೆ 480, ಬಾಗಿಲಲ್ಲೇ ತಡೆಯುತ್ತಾರೆ. "ಹೆಚ್ಚು ದೂರ ಓಡುತ್ತದೆ, ದೊಡ್ಡ ಬ್ಯಾಟರಿ ತೆಗೆದುಕೊಳ್ಳಿ" ಎಂದು ಅಂಗಡಿಯವರು ಹೇಳುವಾಗ ಈ ಗುಣಾಕಾರ ಅವರ ಬಾಯಲ್ಲಿ ಬರುವುದಿಲ್ಲ. ಕೈಯಿಂದ ನೂಕುವ ಕುರ್ಚಿಗೆ ಈ ತಾಪತ್ರಯ ಯಾವುದೂ ಇಲ್ಲ. ಅದರ ವಿಚಾರವನ್ನೂ ವಿಮಾನ ಸಂಸ್ಥೆಗೆ 48 ಗಂಟೆ ಮೊದಲೇ ತಿಳಿಸಿಬಿಡಿ.

ಕುರ್ಚಿ ಕೊಂಡ ಮೇಲೆ ಊರಲ್ಲೇ ಓಡಿಸಿ ನೋಡಬೇಕು. ಇದಕ್ಕೆ ನಮ್ಮ ಜನ ತಯಾರಿರುವುದಿಲ್ಲ. ಮುಂಬೈಯಲ್ಲಿ ಕೂರುತ್ತೇನೆ, ತೀರ್ಥಹಳ್ಳಿಯಲ್ಲಿ ಬೇಡ, ಯಾರಾದರೂ ನೋಡಿದರೆ? ನೋಡಲಿ. ಮಗ ನನ್ನನ್ನು ಕೂರಿಸಿಕೊಂಡು ತುಂಗಾ ಸೇತುವೆಯ ಕಡೆಗೆ ಹೊರಟಾಗ ದಾರಿಯಲ್ಲಿ ಸಿಕ್ಕವರೆಲ್ಲ "ಏನಾಯಿತು, ಬಿದ್ದಿರಾ?" ಎಂದು ಕೇಳಿದರು. "ಏನೂ ಆಗಿಲ್ಲ, ಹಡಗಿಗೆ ಹೋಗುವವಳಿದ್ದೇನೆ" ಎಂದೆ. ತಲೆಯೇ ಕೆಟ್ಟಿದೆ ಎಂದುಕೊಂಡಿರಬೇಕು. ಆದರೆ ಇಳಿಜಾರು ಬಂದ ಕೂಡಲೇ ನಮಗೊಂದು ವಿಷಯ ಹೊಳೆಯಿತು. ಬ್ರೇಕು ಕೂತವರ ಕೈಗೆ ಮಾತ್ರ ಎಟಕುವಂತಿತ್ತು. ಹಿಂದೆ ಹಿಡಿದವನು ತನ್ನ ತೋಳಬಲದಲ್ಲೇ ತಡೆಯಬೇಕಿತ್ತು. ಅಂಗಡಿಗೆ ಹಿಂತಿರುಗಿಸಿ, ನೂಕುವವರ ಹಿಡಿಯಲ್ಲೂ ಬ್ರೇಕು ಇರುವ ಕುರ್ಚಿಯನ್ನು ತಂದೆವು. ಇಳಿಜಾರು ಕಡಿದಾಗಿದ್ದರೆ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು, ಕೂತವರ ಬೆನ್ನು ಇಳಿಜಾರಿನ ಕಡೆಗಿರಬೇಕು ಎಂಬುದನ್ನೂ ಅಲ್ಲೇ ಕಲಿತೆವು. ಮುಮ್ಮುಖವಾಗಿ ಇಳಿಸಿದರೆ ಕೂತವರು ಮುಂದಕ್ಕೆ ಜಾರುತ್ತಾರೆ.

ಈ ಇಳಿಜಾರಿನ ಪಾಠ ಹಡಗಿನ ಏಣಿಸೇತುವೆಯಲ್ಲಿ ಬೇಕಾಗುತ್ತದೆ. ದಡದಿಂದ ಹಡಗಿಗೆ ಹಾಕುವ ಆ ಹಲಗೆದಾರಿ ಒಂದೇ ಓರೆಯಲ್ಲಿ ಇರುವುದಿಲ್ಲ. ಶರಾವತಿಯ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚ್ ಹತ್ತಿ ಇಳಿದವರಿಗೆ ಹಡಗೇನು ಮಹಾ ಎಂದು ನಮ್ಮ ನೆರೆಯವರೊಬ್ಬರು ಹೇಳಿದ್ದುಂಟು. (2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಆ ಲಾಂಚಿನ ಮಾತೂ ಹಳೆಯದಾಯಿತು.) ಆದರೆ ಆ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಮಳೆಗಾಲದಿಂದ ಬೇಸಿಗೆಯವರೆಗೆ ತಿಂಗಳುಗಟ್ಟಲೆ ತೆಗೆದುಕೊಂಡು ಇಳಿಯುವಂತೆ ಸಮುದ್ರ ಇಳಿಯುವುದಿಲ್ಲ, ಭರತದಿಂದ ಇಳಿತಕ್ಕೆ ಆರು ಗಂಟೆ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬೈ ಬಂದರಿನ ನೀರು ನಾಲ್ಕು ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ಕೊಚ್ಚಿಯಲ್ಲಿ ಒಂದು ಮೀಟರಿನ ಆಸುಪಾಸು. ಬೆಳಿಗ್ಗೆ ಸಲೀಸಾಗಿದ್ದ ಹಲಗೆ ಮಧ್ಯಾಹ್ನ ಕಡಿದಾಗಬಹುದು. ನನಗೆ ಪಂಚಾಂಗ ನೋಡುವ ಅಭ್ಯಾಸ. ಈ ಸಲ ರಾಹುಕಾಲದ ಬದಲು ತಿಥಿ ನೋಡಿ ದಿನ ಆರಿಸಿದೆ.

ಊರುಗೋಲಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಎಲ್ಲರ ಮನೆಯಲ್ಲೂ ಇರುವುದು ಅದೇ, ಸರಿಯಾಗಿ ಹಿಡಿಯುವವರು ಕಡಿಮೆ. ನನಗೆ ತೋರಿಸಿಕೊಟ್ಟವಳು ಶಿವಮೊಗ್ಗದ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. "ಅಮ್ಮಾ, ಪ್ರಯಾಣಕ್ಕೆ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ನಿಲ್ಲಿ" ಎಂದಳು. ಕೈಯನ್ನು ಸುಮ್ಮನೆ ಇಳಿಬಿಡಿಸಿ, ಕೋಲಿನ ಹಿಡಿಕೆ ನನ್ನ ಮಣಿಕಟ್ಟಿನ ಗೆರೆಗೆ ಬರುವವರೆಗೆ ಗುಂಡಿ ಒತ್ತಿ ಒತ್ತಿ ಇಳಿಸಿದಳು. ಹಿಡಿದಾಗ ಮೊಣಕೈ ತುಸುವೇ ಬಾಗಬೇಕು, 15, 20 ಡಿಗ್ರಿಯಷ್ಟು. ಕೋಲು ಎತ್ತರವಾದರೆ ಹೆಗಲು ಮೇಲೇರಿ ಕತ್ತು ನೋಯುತ್ತದೆ, ಗಿಡ್ಡವಾದರೆ ಸೊಂಟ ಬಗ್ಗುತ್ತದೆ. ನನಗೆ ಹೆಚ್ಚು ನೋಯುವುದು ಬಲ ಮಂಡಿ. ಕೋಲನ್ನು ಎಡಗೈಗೆ ಕೊಟ್ಟಳು. ನೋಯುವ ಕಾಲನ್ನು ಮುಂದಿಡುವಾಗ ಎದುರು ಕೈಯ ಕೋಲೂ ಜೊತೆಗೇ ಮುಂದೆ ಹೋಗಬೇಕು, ಆಗಲೇ ಭಾರ ಹಂಚಿಹೋಗುವುದು. ನಮ್ಮ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ, ನೋಯುವ ಕಾಲಿನ ಕಡೆಗೇ ಕೋಲು ಹಿಡಿದವರು ಎಷ್ಟು ಮಂದಿ ಸಿಗುತ್ತಾರೆಂದು.

ಕೋಲಿನ ತುದಿಯ ರಬ್ಬರನ್ನು ತಲೆಕೆಳಗು ಮಾಡಿ ನೋಡಿದ ದಿನವನ್ನು ಯಾರೂ ನೆನಪಿಟ್ಟಿರುವುದಿಲ್ಲ. ಬಳೆಬಳೆಯಾಗಿ ಗೆರೆಗಳಿರಬೇಕಾದ ಜಾಗ ನುಣ್ಣಗಾಗಿದ್ದರೆ ಅದು ಒದ್ದೆ ನೆಲದಲ್ಲಿ ಜಾರುತ್ತದೆ. ನಮ್ಮ ಅಂಗಳದ ಪಾಚಿಗೆ ಹೆದರುವ ನಾವು ಹಡಗಿನ ತೊಳೆದ ಅಟ್ಟಕ್ಕೂ (ಡೆಕ್ಕಿಗೂ) ಹೆದರಬೇಕು. ರಬ್ಬರಿಗೆ ದೊಡ್ಡ ಬೆಲೆಯೇನಿಲ್ಲ, ಹೊರಡುವ ಮುಂಚೆ ಹೊಸದು ಹಾಕಿಸಿ, ಒಂದು ಹೆಚ್ಚಿಗೆ ಚೀಲದಲ್ಲಿಟ್ಟುಕೊಳ್ಳಿ. ತೋಟಕ್ಕೆ ಹೋಗಲು ಹಿರಿಯರು ಬಿಟ್ಟುಹೋದ, ತುದಿಗೆ ಕಬ್ಬಿಣದ ಬಳೆ ಹಾಕಿಸಿದ ಬೆತ್ತ ಮಣ್ಣಿನ ದಾರಿಗೆ ಸರಿ, ಹಡಗಿಗೆ ಬೇಡ. ನಾಲ್ಕು ಕಾಲಿನ ಕೋಲು ಸಮನೆಲದಲ್ಲಿ ಗಟ್ಟಿ, ಓರೆಯ ಹಲಗೆಯಲ್ಲಿ ನಾಲ್ಕೂ ಕಾಲು ಒಟ್ಟಿಗೆ ಊರದೆ ಅಲ್ಲಾಡುತ್ತದೆ.

ವಾಕರ್, ಮತ್ತು ನಾಲ್ಕು ಗಾಲಿ, ಬ್ರೇಕು, ಕೂರಲು ಪಟ್ಟಿ ಇರುವ ರೋಲೇಟರ್ ನನಗೆ ಮನೆಯಲ್ಲಿ ಇಷ್ಟವೇ. ದಣಿದಲ್ಲಿ ಬ್ರೇಕು ಬಿಗಿದು ಕೂತುಬಿಡಬಹುದು. ಆದರೆ ಇವೆರಡಕ್ಕೂ ಎರಡು ಕೈ ಬೇಕು. ಹಡಗಿನ ಓಣಿಯುದ್ದಕ್ಕೂ ಗೋಡೆಗೆ ಕಂಬಿ ಹಾಕಿರುವುದು ಅಲೆ ಎದ್ದಾಗ ಹಿಡಿಯಲೆಂದೇ, ಅದಕ್ಕೊಂದು ಕೈ ಬಿಡುವಿರಬೇಕು. ನಾನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ ಹಿಡಿದು ಓಡಾಡಿದೆ, ದೂರಕ್ಕೆ ಕುರ್ಚಿ. ದಪ್ಪ ರತ್ನಗಂಬಳಿ ಹಾಸಿದ ನೆಲದಲ್ಲಿ ಕುರ್ಚಿಯ ಪುಟ್ಟ ಮುಂಗಾಲಿಗಳು ಹೂತಂತಾಗಿ ನೂಕುವವರಿಗೆ ಬೆವರಿಳಿಯುತ್ತದೆ, ಅದು ಬೇರೆ ಮಾತು. ಚಿಕ್ಕ ಗಾಲಿಯ ಅಗ್ಗದ ಕುರ್ಚಿ ಕೊಳ್ಳುವವರು ಇದನ್ನೂ ಯೋಚಿಸಬೇಕು. ಹಡಗಿನ ಓಲಾಟಕ್ಕೆ ಬರುವ ವಾಂತಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ತೂಕಡಿಕೆ ತರುತ್ತವೆ. ನುಂಗಿದ ಮೇಲೆ ಕೋಲಿದ್ದರೂ ಒಬ್ಬರೇ ಓಡಾಡಬೇಡಿ, ವೈದ್ಯರನ್ನು ಮೊದಲೇ ಕೇಳಿ.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ಒಯ್ಯುತ್ತಾರೆ. ಹಡಗೂ ದೋಣಿಯೂ ಬೇರೆ ಬೇರೆ ತಾಳದಲ್ಲಿ ಏರಿಳಿಯುವಾಗ ಒಂದರಿಂದ ಇನ್ನೊಂದಕ್ಕೆ ಕಾಲಿಡಬೇಕು. ಅಲ್ಲಿ ಯಾವ ಕುರ್ಚಿ, ಯಾವ ಸ್ಕೂಟರೂ ನೆರವಾಗದು. ಅಲೆ ಜೋರಿದ್ದರೆ ಗಾಲಿಕುರ್ಚಿಯವರನ್ನು ಹಡಗಿನವರೇ ಬೇಡ ಎನ್ನುತ್ತಾರೆ, ಅದು ಸರಿಯೇ. ನಾನು ಇಳಿಯುವುದಿಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿದ್ದೆ. ಎಲ್ಲರೂ ದ್ವೀಪಕ್ಕೆ ಹೋದ ಮೇಲೆ ಲಿಫ್ಟ್ ನನ್ನೊಬ್ಬಳದೇ, ಅಟ್ಟದ ನೆರಳಿನ ಕುರ್ಚಿಗಳೆಲ್ಲ ನನ್ನವೇ. ಹಸಿರು, ನೀಲಿ ಎಂದು ಬೇರೆ ಮಾಡಲಾಗದ ಆ ನೀರನ್ನು ನೋಡುತ್ತ ಎರಡು ಕಾಫಿ ಕುಡಿದೆ. ಕಾಫಿ ಮಾತ್ರ ನಮ್ಮ ಮನೆಯದರ ಹತ್ತಿರಕ್ಕೂ ಬರಲಿಲ್ಲ. ಆದರೆ ದ್ವೀಪದ ಮರಳಿನಲ್ಲಿ ಓಡಾಡುವ ಆಸೆಯಿಂದಲೇ ದುಡ್ಡು ಕಟ್ಟಿದ ಹಿರಿಯರಿಗೆ ಈ ದೋಣಿಯ ವಿಷಯ ಹಡಗಿನಲ್ಲಿ ಗೊತ್ತಾದರೆ ಹೇಗಿರಬೇಡ? ನಮ್ಮ ಜೊತೆಗೇ ಅಂಥ ದಂಪತಿ ಒಬ್ಬರಿದ್ದರು. ಅವರಿಗೆ ಏಜೆಂಟರು ಒಂದು ಮಾತೂ ಹೇಳಿರಲಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ: ಆಪತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲವಲ್ಲ, ಆಗ ನನ್ನನ್ನು ಮೆಟ್ಟಿಲಲ್ಲಿ ಯಾರು ಒಯ್ಯುತ್ತಾರೆ? 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿದ ಮೇಲೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಪ್ರಯಾಣಿಕರಿಗೆ ಸುರಕ್ಷತೆಯ ತಾಲೀಮು ಮಾಡಿಸಲೇಬೇಕು. ಆ ತಾಲೀಮಿನಲ್ಲಿ ನನ್ನ ಹೆಸರನ್ನು ನೆರವು ಬೇಕಾದವರ ಪಟ್ಟಿಗೆ ಬರೆಸಿ, ನನ್ನನ್ನು ಒಯ್ಯುವವರು ಯಾರೆಂದು ಮುಖ ನೋಡಿಕೊಂಡೆ. ಇಬ್ಬರು ಹುಡುಗರು, ಗಟ್ಟಿಮುಟ್ಟಾಗಿದ್ದರು. ಮೆಟ್ಟಿಲಿಳಿಸುವ ಕುರ್ಚಿಯನ್ನೂ ತೋರಿಸಿದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹಡಗು ಹತ್ತುವ ಸ್ಥಿತಿವಂತರ ಗೋಳು ನಮಗೇಕೆ ಎನ್ನುವ ಓದುಗರಿರಬಹುದು. ಕೋಲಿನ ಎತ್ತರ, ಬಾಗಿಲಿನ ಅಗಲ, ಇಳಿಜಾರಿನ ಬ್ರೇಕು ಧರ್ಮಸ್ಥಳಕ್ಕೂ ಬೇಕು, ಮಣಿಪಾಲದ ಆಸ್ಪತ್ರೆಗೂ ಬೇಕು. ಬಡ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 2017ರಿಂದ ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಉಚಿತವಾಗಿ ಕೊಡುತ್ತಿದ್ದಾರೆ. ಶಿಬಿರದಲ್ಲಿ ಸಿಕ್ಕ ಕೋಲು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಅಟ್ಟ ಸೇರಿದ ಮನೆಗಳು ನನಗೆ ಗೊತ್ತು. ಕೊಟ್ಟವರು ಗುಂಡಿ ಒತ್ತಿ ಎತ್ತರ ಸರಿಮಾಡಿ ಕೊಟ್ಟಿದ್ದರೆ, ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿದ್ದರೆ ಅದು ಅಟ್ಟಕ್ಕೆ ಹೋಗುತ್ತಿರಲಿಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ಹಡಗು ಪ್ರವಾಸ ಮಾರುವವರು ತಮ್ಮ ಕರಪತ್ರದಲ್ಲಿ ಊಟದ ಪಟ್ಟಿಯ ಕೆಳಗೆ ಕನ್ನಡದಲ್ಲೇ ಬರೆಯಲಿ: ಕೋಣೆಯ ಬಾಗಿಲು ಎಷ್ಟು ಇಂಚು, ಬಚ್ಚಲಿಗೆ ಹೊಸ್ತಿಲು ಉಂಟೋ ಇಲ್ಲವೋ, ಗಾಲಿಕುರ್ಚಿಯ ಕೋಣೆಗಳಲ್ಲಿ ಎಷ್ಟು ಖಾಲಿ ಇವೆ, ಯಾವ ಊರಲ್ಲಿ ಹಡಗು ದಡಕ್ಕೆ ತಾಗುತ್ತದೆ, ಎಲ್ಲಿ ದೋಣಿ ಹತ್ತಬೇಕು. ಕುರ್ಚಿ ಮಾರುವ ಅಂಗಡಿಯವರು ಎರಡು ದಿನ ಮನೆಗೆ ಒಯ್ದು ನೋಡಲು ಬಾಡಿಗೆಗೆ ಕೊಡಲಿ. ನಿಮ್ಮ ಪ್ರವಾಸ ಪುಟದವರು ಮುಂದಿನ ಸಲ ಹಡಗಿನ ಬಗ್ಗೆ ಬರೆಯುವಾಗ ಸೂರ್ಯಾಸ್ತದ ಚಿತ್ರಗಳಲ್ಲಿ ಒಂದನ್ನು ಕಡಿಮೆ ಮಾಡಿ ಈ ಅಳತೆಗಳಿಗೆ ಜಾಗ ಕೊಡಲಿ. ನನಗೆ ಹಡಗಿನ ಕಚೇರಿಯಿಂದ ಬಂದ ಉತ್ತರ ನನ್ನ ಬಳಿ ಇದೆ, ಬೇಕಾದರೆ ನಕಲು ಕಳಿಸುತ್ತೇನೆ.

ಇತಿ,
ನಿವೃತ್ತ ಅಂಚೆ ನೌಕರಳು,
ತೀರ್ಥಹಳ್ಳಿ